ಪಟ್ಟಿ ಮೇಷ್ಟ್ರ ಅಳತೆ ಪುಸ್ತಕ

ನಮ್ಮಪ್ಪನನ್ನು ದಂಡಿನ ರಸ್ತೆಯಲ್ಲಿ ಎಲ್ಲರೂ ಪಟ್ಟಿ ಮೇಷ್ಟ್ರು ಎಂದು ಕರೆಯುತ್ತಿದ್ದರು. ನಾಲ್ಕನೇ ತರಗತಿಗೇ ಶಾಲೆಗೆ ಕೈಮುಗಿದು ಬಂದವನು ಮೇಷ್ಟ್ರಾದದ್ದು ಹೇಗೆಂದರೆ, ಸೇನೆಯ ದೊಡ್ಡದೊಡ್ಡವರಿಗೆ ಪಾಠ ಹೇಳಿ. ಅಪ್ಪ ಸಮವಸ್ತ್ರ ಹೊಲಿಯುವ ದರ್ಜಿ. ಅದರಲ್ಲೂ ಅವನ ಕೈಚಳಕವೆಲ್ಲ ಎಡ ಜೇಬಿನ ಮೇಲೆ ಬರುವ ಬಣ್ಣದ ಪಟ್ಟಿಗಳಲ್ಲಿ. ಒಂದೊಂದು ಪದಕಕ್ಕೂ ಒಂದೊಂದು ಪಟ್ಟಿ. ಯಾವುದರ ಪಕ್ಕ ಯಾವುದು, ಯಾವುದು ಮೇಲಿನ ಸಾಲು, ನೀಲಿ ಅಂಚು ಒಳಗೋ ಹೊರಗೋ, ಎಲ್ಲ ಅವನಿಗೆ ಬಾಯಿಪಾಠ. ಒಮ್ಮೆ ಒಬ್ಬ ಕರ್ನಲ್ ಬಂದು, "ಈ ಕೆಂಪು ಮುಂದೆ ಬರ್ಲಿ, ಚೆನ್ನಾಗಿ ಕಾಣುತ್ತೆ" ಅಂದರು. ಅಪ್ಪ ಬಾಯಲ್ಲಿದ್ದ ಗುಂಡುಸೂಜಿಗಳನ್ನು ತೆಗೆದು, "ಚೆನ್ನಾಗಿ ಕಾಣೋಕೆ ಇದೇನು ಕಿಟಕಿ ಪರದೆನಾ ಸ್ವಾಮಿ? ಇದು ನೀವು ಮಾಡಿದ ಸೇವೆ. ಸೇವೆ ಹಿಂದುಮುಂದಾಗಬಾರ್ದು" ಅಂದ. ಕರ್ನಲ್ ಪಟ್ಟಿಗಳನ್ನು ಅವನ ಕೈಗೇ ಕೊಟ್ಟರು.

ಅಂಗಡಿ ಎಂದರೆ ಹತ್ತು ಹೆಜ್ಜೆ ಉದ್ದ, ಆರು ಹೆಜ್ಜೆ ಅಗಲದ ಒಂದು ಕೋಣೆ. ಎರಡು ಹೊಲಿಗೆ ಯಂತ್ರ, ಬಟ್ಟೆ ಕತ್ತರಿಸುವ ಮೇಜು, ಸದಾ ಸುಡುವ ಇಸ್ತ್ರಿಪೆಟ್ಟಿಗೆ, ಆಳೆತ್ತರದ ಕನ್ನಡಿ, ಕನ್ನಡಿಯ ಮುಂದೆ ಒಂದು ಗೇಣು ಎತ್ತರದ ಹಲಗೆ. ಟ್ರಯಲ್‌ಗೆ ಬಂದವರು ಆ ಹಲಗೆಯ ಮೇಲೆ ನಿಲ್ಲಬೇಕು. ಎಂಥ ಮೀಸೆಯವರೂ ಅಲ್ಲಿ ಹತ್ತಿದ ಮೇಲೆ ಅಪ್ಪ ಹೇಳಿದ್ದು ಕೇಳಲೇಬೇಕು. ಕೈ ಎತ್ತಿ, ಕೈ ಇಳಿಸಿ, ಉಸಿರು ಬಿಡಿ, ಹೊಟ್ಟೆ ಒಳಗೆ ಎಳ್ಕೋಬೇಡಿ. ನಾನು ಮೂಲೆಯಲ್ಲಿ ಗುಂಡಿತೂತಿನ ಕಾಜಾ ಹೊಲಿಯುತ್ತ ನಗು ತಡೆದುಕೊಳ್ಳುತ್ತಿದ್ದೆ.

ಮೇಲಿನ ಎರಡು ಕೋಣೆಗಳಲ್ಲಿ ನಮ್ಮ ಸಂಸಾರ. ಅಪ್ಪ, ನಾನು, ನನ್ನ ಏಳು ವರ್ಷದ ಮಗಳು. ಹುಟ್ಟಿದಾಗ ಇಷ್ಟೇ ಇಷ್ಟಿದ್ದಳೆಂದು ಅಪ್ಪ ಅವಳನ್ನು ಗುಂಡಿ ಎಂದು ಕರೆದ, ಅದೇ ನಿಂತಿತು. ಅಂಗಿಯ ಗುಂಡಿ, ರಸ್ತೆಯ ಗುಂಡಿಯಲ್ಲ ಎಂದು ಪಾಪ ಅವಳು ಶಾಲೆಯಲ್ಲಿ ಎಲ್ಲರಿಗೂ ಬಿಡಿಸಿ ಹೇಳಬೇಕಾಗುತ್ತಿತ್ತು. ಅಮ್ಮ ತೀರಿಕೊಂಡು ಬಹಳ ವರ್ಷವಾಗಿತ್ತು. ನನ್ನ ಗಂಡ ಸೇನೆಯಲ್ಲಿ ಹವಾಲ್ದಾರರು. ವರ್ಷಕ್ಕೆ ಒಂದೂವರೆ ತಿಂಗಳು ಮನೆಯಲ್ಲಿ, ಉಳಿದದ್ದು ಕಾಗದದಲ್ಲಿ.

ಅಪ್ಪನಿಗೆ ಎರಡು ನಿಯಮಗಳಿದ್ದವು. ಅವನ ಬದುಕನ್ನು ಹಾಳು ಮಾಡಿದ್ದೂ ಅವೇ, ಆದ್ದರಿಂದ ಎರಡನ್ನೂ ಹೇಳಿಬಿಡುತ್ತೇನೆ. ಒಂದನೆಯದು, ಸರ್ಕಾರಿ ಆದೇಶದ ಪ್ರತಿ ನೋಡದೆ ಯಾರ ಎದೆಗೂ ಹೊಸ ಪಟ್ಟಿ ಹೊಲಿಯುತ್ತಿರಲಿಲ್ಲ. ಸಾಲಿನ ಕೆಳಗೆ ಬೆರಳಿಟ್ಟು, ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿಯೇ ಸೂಜಿಗೆ ದಾರ ಪೋಣಿಸುತ್ತಿದ್ದ. ಎರಡನೆಯದು ಅಳತೆ ಪುಸ್ತಕದ್ದು. ಹಿಂದೊಮ್ಮೆ ಒಬ್ಬ ಮೇಜರ್ ಟ್ರಯಲ್‌ಗೂ ಡೆಲಿವರಿಗೂ ನಡುವೆ ಹೊಟ್ಟೆ ಬೆಳೆಸಿಕೊಂಡು ಬಂದು, ಕೋಟು ಬಿಗಿಯಾಯಿತು, ಕತ್ತರಿಸಿದವನಿಗೆ ಕೈ ಸರಿಯಿಲ್ಲ ಎಂದು ರಸ್ತೆಗೆಲ್ಲ ಕೇಳುವಂತೆ ಕೂಗಾಡಿದ್ದರು. ಅಂದಿನಿಂದ ಟ್ರಯಲ್ ಮುಗಿದ ಕೂಡಲೇ ಅಪ್ಪ ಪುಸ್ತಕವನ್ನು ಅವರ ಮುಂದೆ ಹಿಡಿಯುತ್ತಿದ್ದ. ಅವರು ತಮ್ಮ ಕೈಯಾರೆ "ಸರಿ" ಎಂದು ಬರೆದು, ಸಹಿ ಹಾಕಿ, ತಾರೀಖು ನಮೂದಿಸಬೇಕು. ಹೊಟ್ಟೆಗೆ ಬೇಲಿ ಹಾಕುವುದು ಎಂದು ಅಪ್ಪ ಇದಕ್ಕೆ ಹೆಸರಿಟ್ಟಿದ್ದ.

ಅಪ್ಪನ ಹಳೆಯ ಗಿರಾಕಿ, ನಾವು ಬರೀ ಸಾಹೇಬರು ಎನ್ನುತ್ತಿದ್ದ ಅಧಿಕಾರಿಯ ಕಥೆ ನನಗೆ ಗೊತ್ತಿರುವುದು ಎದೆಯಳತೆಯಲ್ಲಿ. ಮೂವತ್ತಾರು ಇಂಚಿದ್ದಾಗ ಅವರು ಲೆಫ್ಟಿನೆಂಟ್. ಕತ್ತು ಉದ್ದ, ಕಾಲರ್ ನಿಲ್ಲುತ್ತಿರಲಿಲ್ಲ, ಎದೆಯ ಮೇಲೆ ಒಂದು ಎಳೆ ಬಣ್ಣವಿರಲಿಲ್ಲ. "ಜೇಬಿನ ಮೇಲೆ ಜಾಗ ಬಿಟ್ಟಿದ್ದೀನಿ, ತುಂಬಿಸ್ಕೊಂಡು ಬನ್ನಿ" ಎಂದು ಅಪ್ಪ ಹೇಳಿ ಕಳಿಸಿದ್ದನಂತೆ. ಎರಡು ವರ್ಷಕ್ಕೆ ಬಂದರು. ಹಿಮದ ಗುಡ್ಡದ ಕಾವಲಿನಲ್ಲಿ ಎರಡು ಕಾಲ್ಬೆರಳು ಹೋಗಿದ್ದವು, ಬಿಳಿ-ನೀಲಿ ಪಟ್ಟಿ ಬಂದಿತ್ತು. ಮೂವತ್ತೇಳಕ್ಕೆ, ಪ್ರವಾಹದಲ್ಲಿ ಜನರನ್ನು ದಾಟಿಸಿದ್ದಕ್ಕೆ ಹಸಿರು. ಮೂವತ್ತೆಂಟಕ್ಕೆ ಶೌರ್ಯದ ಕೆಂಪು. ಗುಂಡು ಹಾರುತ್ತಿದ್ದ ಬಯಲಿನಿಂದ ಗಾಯಗೊಂಡ ಮೂವರನ್ನು ಒಬ್ಬೊಬ್ಬರನ್ನಾಗಿ ಹೊತ್ತು ತಂದಿದ್ದರು, ಮೂರನೆಯವನನ್ನು ತರುವಾಗ ಅವರ ತೊಡೆಗೇ ಚೂರು ಹೊಕ್ಕಿತ್ತು. ಪ್ಯಾಂಟಿನ ಅಳತೆ ತೆಗೆಯುವಾಗ ಅಪ್ಪ ಆ ಗಾಯ ನೋಡಿದ. ಮುಷ್ಟಿ ಹಿಡಿಸುವಷ್ಟು ತಗ್ಗು. ಅವತ್ತು ಅಪ್ಪನಿಗೆ ಊಟ ಸೇರಲಿಲ್ಲ. "ಅಂಥೋರ ಎದೆಗೆ ಹೊಲಿಯೋಕೇ ನಾನು ಈ ಕೆಲಸ ಕಲ್ತಿದ್ದು" ಅಂದ.

ಇದನ್ನು ಮರೆಮಾಚದೆ ಹೇಳುತ್ತಿದ್ದೇನೆ. ಆ ಮನುಷ್ಯ ಒಂದು ಕಾಲದಲ್ಲಿ ನಿಜವಾಗಿ ಧೈರ್ಯವಂತರಾಗಿದ್ದರು. ಆಮೇಲೆ ಎದೆ ನಲವತ್ತಾಯಿತು, ನಲವತ್ತೆರಡಾಯಿತು, ಪಟ್ಟಿಗಳು ಒಂದು ಸಾಲಿನಿಂದ ನಾಲ್ಕು ಸಾಲಾದವು. ದೀರ್ಘ ಸೇವೆಗೊಂದು, ಸೇನೆಯ ವಾರ್ಷಿಕೋತ್ಸವಕ್ಕೊಂದು, ಹೊರದೇಶದ ಅತಿಥಿಗಳನ್ನು ನಗುನಗುತ್ತ ನೋಡಿಕೊಂಡದ್ದಕ್ಕೊಂದು. ಮೇಲೇರಿದಷ್ಟೂ ಅಪಾಯ ಕಡಿಮೆ, ಬಣ್ಣ ಜಾಸ್ತಿ ಎಂದು ನಾನು ಕುಹಕವಾಡಿದರೆ ಅಪ್ಪ ಕಣ್ಣು ಕೆಂಪಗೆ ಮಾಡುತ್ತಿದ್ದ. ನಲವತ್ನಾಲ್ಕಕ್ಕೆ ಅವರು ಬ್ರಿಗೇಡಿಯರ್ ಆಗಿ ನದಿಯ ಗಡಿಯನ್ನೆಲ್ಲ ನೋಡಿಕೊಳ್ಳುತ್ತಿದ್ದರು. ನನ್ನ ಗಂಡನ ತುಕಡಿ ಅವರ ಕೈಕೆಳಗೇ ಇತ್ತು.

ಆ ನದಿಗೆ ಇಲ್ಲಿಂದ ಒಂದು ದಿನದ ದಾರಿ. ಆಚೆ ದಡದವರು ಯಾವಾಗ ಬೇಕಾದರೂ ದಾಟಬಹುದು ಎಂಬ ಸುದ್ದಿ ಹಬ್ಬಿತ್ತು. ಸೇತುವೆಯ ಈಚೆ ತುದಿಯಲ್ಲಿ ನಲವತ್ತೊಂದು ಜನ. ನನ್ನ ಗಂಡನ ಕೊನೆಯ ಕಾಗದದಲ್ಲಿ ಹೀಗಿತ್ತು: "ಆದೇಶ ಬರೋವರೆಗೆ ಅಲುಗಾಡಬೇಡಿ ಅಂದಿದ್ದಾರೆ. ಇಲ್ಲಿಂದಲೇ ಬರೀತಿದ್ದೀನಿ. ಗುಂಡಿಗೆ ಮಗ್ಗಿ ಬಂತಾ?" ಬಸ್ ನಿಲ್ದಾಣದಲ್ಲಿ ಕಾಯಿರಿ ಎಂದರೆ ಬಸ್ಸು ಹೊರಟುಹೋದರೂ ಕಾಯುತ್ತ ನಿಲ್ಲುವವರು ಅವರು. ಆ ವಿಷಯಕ್ಕೆ ನಾನು ಎಷ್ಟೋ ಸಲ ಬೈದದ್ದುಂಟು.

ಆಮೇಲೆ ಕಾಗದ ನಿಂತಿತು. ಸೇತುವೆ ಹೋಯಿತಂತೆ, ನಮ್ಮವರೇ ಒಡೆದರಂತೆ, ಹೀಗೆ ಅಂತೆಕಂತೆಗಳು ಬಂದವು. ಎಂದು ಆಯಿತು, ಹೇಗೆ ಆಯಿತು ಎಂದು ಯಾರೂ ಬಾಯಿ ಬಿಡಲಿಲ್ಲ. ಮೂರು ವಾರ ಕಳೆದು ದಂಡಿನ ಕಚೇರಿಯ ಗೋಡೆಗೆ ಹೆಸರುಗಳನ್ನು ಅಂಟಿಸಿದರು. ನಮ್ಮ ಮಾತಿನಲ್ಲಿ ಪಟ್ಟಿ ಎಂದರೆ ಎದೆಯ ಮೇಲಿನದೂ ಹೌದು, ಗೋಡೆಯ ಮೇಲಿನದೂ ಹೌದು. ಗೋಡೆಯ ಪಟ್ಟಿಯ ತಲೆಬರಹ "ಆದೇಶವಿಲ್ಲದೆ ಸ್ಥಾನ ಬಿಟ್ಟು ಓಡಿಹೋದವರು" ಎಂದಿತ್ತು. ನಲವತ್ತೊಂದೂ ಹೆಸರು. ಹನ್ನೆರಡನೆಯದು ನನ್ನ ಗಂಡನದು.

ಅದಾದ ಮೇಲೆ ಅಂಗಡಿಯ ಮುಂದೆ ಹಾದುಹೋಗುವವರು ಕತ್ತು ಆಚೆ ತಿರುಗಿಸಲು ಕಲಿತರು. ಗುಂಡಿಯ ಪಕ್ಕ ಕೂರುತ್ತಿದ್ದ ಹುಡುಗಿಯನ್ನು ಅವಳಮ್ಮ ಬೇರೆ ಬೆಂಚಿಗೆ ಕೂರಿಸಿದಳು. "ಅಮ್ಮಾ, ಓಡಿಹೋದೋರು ಅಂದ್ರೆ ಎಲ್ಲಿಗೆ ಓಡ್ತಾರೆ? ಮನೆಗೆ ತಾನೇ ಬರ್ಬೇಕು?" ಎಂದು ಗುಂಡಿ ಕೇಳಿದಳು. ಸತ್ತರು ಎಂದಿದ್ದರೆ ಅತ್ತು ಹಗುರಾಗಬಹುದಿತ್ತು. ಇದು ಅಳುವುದಕ್ಕೂ ನಾಚಿಕೆಪಡಬೇಕಾದ ಸಾವು. ಗಂಡ ಹಿಂತಿರುಗುವ ಆಸೆಯನ್ನು ನಾನು ಬಿಟ್ಟಿದ್ದೆ. ಆ ಹೆಸರು ಗೋಡೆಯಿಂದ ಇಳಿಯಬೇಕು, ನನಗೆ ಬೇಕಾದದ್ದು ಅಷ್ಟೇ.

ಮುಂದಿನ ಸೋಮವಾರ ಬೆಳಿಗ್ಗೆ ಸಾಹೇಬರ ಸಹಾಯಕ ಕ್ಯಾಪ್ಟನ್ ಬಂದ. ಮೆತ್ತಗಿನ ಮಾತಿನ, ಉಗುರು ಕೂಡ ಇಸ್ತ್ರಿ ಮಾಡಿದಂತಿದ್ದ ಹುಡುಗ. ಸಾಹೇಬರಿಗೆ ಎಲ್ಲಕ್ಕಿಂತ ದೊಡ್ಡ ಶೌರ್ಯ ಪದಕ ಬಂದಿದೆ, ಜನರಲ್ ಆಗುತ್ತಿದ್ದಾರೆ, ಹೊಸ ಪಟ್ಟಿ ಎಲ್ಲಕ್ಕಿಂತ ಮುಂದೆ ಬರಬೇಕು ಎಂದ. ಅಪ್ಪ ಕೈ ಚಾಚಿದ. "ಆದೇಶ?"

"ಅದೂ ಬೇಕಾ ಮೇಷ್ಟ್ರೇ? ಊರಿಗೆಲ್ಲ ಗೊತ್ತಿರೋ ವಿಷಯ."

"ಊರಿಗೆ ಗೊತ್ತಿದ್ರೆ ಊರು ಹೊಲೀಲಿ. ನಂಗೆ ಕಾಗದ ಬೇಕು."

ಕ್ಯಾಪ್ಟನ್ ನಕ್ಕು ಪ್ರತಿ ಕೊಟ್ಟು, ಮರುದಿನ ಬರುತ್ತೇನೆಂದು ಹೋದ. ಅಪ್ಪ ಕನ್ನಡಕ ಏರಿಸಿ ಬೆರಳಿಟ್ಟು ಓದತೊಡಗಿದ. ಹದಿನಾಲ್ಕನೇ ತಾರೀಖು ಬೆಳಗಿನಿಂದ ಸಂಜೆಯವರೆಗೆ, ತುಕಡಿಯ ನಲವತ್ತೊಂದು ಜನರೂ ಓಡಿಹೋದ ಬಳಿಕ, ಸಾಹೇಬರು ಸ್ವತಃ ಸೇತುವೆಯ ಬಳಿ ನಿಂತು, ನಾಲ್ವರು ಕಾವಲಿನವರೊಡನೆ ವೈರಿಯನ್ನು ತಡೆದು, ಕೊನೆಗೆ ಸೇತುವೆಯನ್ನು ಒಡೆದರು ಎಂದಿತ್ತು. ಅಪ್ಪನ ಬೆರಳು ತಾರೀಖಿನ ಕೆಳಗೆ ನಿಂತಿತು. ಮತ್ತೆ ಓದಿದ. ಎದ್ದು ಖಾನೆಯಿಂದ ಅಳತೆ ಪುಸ್ತಕ ತೆಗೆದ.

ಸಾಹೇಬರ ಪೆರೇಡ್ ಕೋಟಿನ ಟ್ರಯಲ್. ಎದೆ ನಲವತ್ನಾಲ್ಕು, ಸೊಂಟ ನಲವತ್ತು. ಕೆಳಗೆ "ಸರಿ". ಸಹಿ. ಹದಿನಾಲ್ಕನೇ ತಾರೀಖು. ಎಲ್ಲವೂ ಅವರದೇ ಅಕ್ಷರ.

ಆ ದಿನ ನಾನು ಅಲ್ಲೇ ಇದ್ದೆ. ಹನ್ನೊಂದು ಗಂಟೆ. ಸಾಹೇಬರು ಹಲಗೆಯ ಮೇಲೆ ನಿಂತಿದ್ದರು, ಅಪ್ಪ ಭುಜಕ್ಕೆ ಗುಂಡುಸೂಜಿ ಹಾಕುತ್ತಿದ್ದ. ಇದೇ ಕ್ಯಾಪ್ಟನ್ ಹೊರಗೆ ಜೀಪಿನ ವೈರ್‌ಲೆಸ್ ಬಳಿ ಇದ್ದವನು ಒಳಗೆ ಬಂದು, "ಮತ್ತೆ ಕೇಳ್ತಿದಾರೆ ಸರ್, ಆದೇಶ ಏನು ಅಂತ" ಅಂದಿದ್ದ. ಸಾಹೇಬರು ಕನ್ನಡಿಯಲ್ಲಿ ಎಡಭುಜ ನೋಡಿಕೊಳ್ಳುತ್ತ, "ಹತ್ತು ನಿಮಿಷ ಇರ್ಲಿ, ಸೂಜಿ ಚುಚ್ಚುತ್ತೆ" ಅಂದಿದ್ದರು. ಕಚೇರಿಯ ಯಾವುದೋ ಕೆಲಸ ಎಂದುಕೊಂಡು ನಾನು ಕಾಜಾ ಹೊಲಿಯುತ್ತ ಕೂತಿದ್ದೆ. ಸೇತುವೆಯ ಬಳಿಯಿಂದ ಆದೇಶ ಕೇಳುತ್ತಿದ್ದವರು ನಮ್ಮವರು.

ಎರಡು ಬೀದಿ ಆಚೆ ಬೇಕರಿ ನಡೆಸುವ, ನಾನು ಅಕ್ಕ ಎನ್ನುತ್ತಿದ್ದವಳ ಗಂಡನೂ ಅದೇ ತುಕಡಿಯಲ್ಲಿದ್ದವರು, ಪಟ್ಟಿಯಲ್ಲಿ ಹದಿಮೂರನೆಯವರು. ನಾನು ಚಪ್ಪಲಿ ಮೆಟ್ಟುವುದನ್ನೂ ಮರೆತು ಅವಳಲ್ಲಿಗೆ ಓಡಿದೆ. ಅವಳು ಕೈಯ ಹಿಟ್ಟು ಒರೆಸಿಕೊಳ್ಳದೆಯೇ ನನ್ನ ಎರಡು ಕೈ ಹಿಡಿದುಕೊಂಡಳು. "ಪುಸ್ತಕ ಭದ್ರ ಇದೆಯಾ?" ಎಂದು ಮೂರು ಸಲ ಕೇಳಿದಳು. ಅವಳಿಗೆ ಗೊತ್ತಿದ್ದ ವಕೀಲರು ಶುಕ್ರವಾರ ಊರಿಗೆ ಬರುತ್ತಾರೆ, ಅಲ್ಲಿಯವರೆಗೆ ಯಾರಿಗೂ ಉಸಿರೆತ್ತಬೇಡ ಎಂದಳು.

ಉಸಿರೆತ್ತಿದ್ದು ನಮ್ಮಪ್ಪ. ಅವನನ್ನು ಬೈಯಲು ನನಗೆ ಇಂದಿಗೂ ಬಾಯಿ ಬರುವುದಿಲ್ಲ. ಇಪ್ಪತ್ತೆಂಟು ವರ್ಷ ಎಷ್ಟೋ ಆದೇಶಗಳಲ್ಲಿ ಅಚ್ಚಿನ ತಪ್ಪು ಹುಡುಕಿ ಕೊಟ್ಟವನು ಅವನು. ಆ ತೊಡೆಯ ಗಾಯವನ್ನು ಕಣ್ಣಾರೆ ಕಂಡವನಿಗೆ ಸಾಹೇಬರು ಸುಳ್ಳು ಹೇಳಿರಬಹುದು ಎಂಬುದು ತಲೆಗೇ ಹೊಳೆಯಲಿಲ್ಲ. ಮರುದಿನ ನಾನು ಮೇಲಿದ್ದಾಗ ಕ್ಯಾಪ್ಟನ್ ಬಂದ. ಕೆಳಗೆ ಅಪ್ಪನ ಮಾತು ಕೇಳಿಸಿತು.

"ತಾರೀಖು ತಪ್ಪಾಗಿದೆ ಸ್ವಾಮಿ, ತಿದ್ದಿಸ್ಕೊಂಡು ಬನ್ನಿ. ಹದಿನಾಲ್ಕಕ್ಕೆ ಸಾಹೇಬ್ರು ಇಲ್ಲೇ ಟ್ರಯಲ್‌ಗೆ ಬಂದಿದ್ರಲ್ಲ. ಪುಸ್ತಕದಲ್ಲಿ ಅವರೇ ಬರ್ದಿದ್ದಾರೆ."

ನಾನು ಮೆಟ್ಟಿಲಿಳಿದು ಬರುವಷ್ಟರಲ್ಲಿ ಕ್ಯಾಪ್ಟನ್ ಆದೇಶದ ಪ್ರತಿಯನ್ನು ನಾಲ್ಕಾಗಿ ಮಡಚುತ್ತಿದ್ದ. "ಯಾವ ಪುಸ್ತಕ ಮೇಷ್ಟ್ರೇ?" ಎಂದ, ಮೊದಲಿಗಿಂತಲೂ ಮೆತ್ತಗೆ.

ಆ ಸಂಜೆಯಿಂದ ಎದುರಿಗೆ ಒಂದು ಜೀಪು ನಿಂತಿತು. ಯಾರೂ ಇಳಿಯಲಿಲ್ಲ, ಯಾರೂ ಹತ್ತಲಿಲ್ಲ. ಪಕ್ಕದ ಟೋಪಿ ಅಂಗಡಿಯವರು ಇಪ್ಪತ್ತು ವರ್ಷದಿಂದ ನಮ್ಮ ಬೆಂಚಿನ ಮೇಲೆ ಚಹಾ ಕುಡಿಯುತ್ತಿದ್ದವರು, ಬುಧವಾರ ತಮ್ಮ ಕುರ್ಚಿಯನ್ನು ಒಳಗೆ ಎಳೆದುಕೊಂಡು ಅಲ್ಲೇ ಕುಡಿದರು. ಇಬ್ಬರು ಬಂದು ನಮ್ಮ ಅಂಗಡಿಯ ಮುಂಭಾಗವನ್ನು ಅಳೆದರು. ಏಕೆಂದು ಕೇಳಿದರೆ, "ರಸ್ತೆ ಅಗಲ ಆಗುತ್ತೋ ಏನೋ" ಅಂದರು. "ಟೇಪು ಸೊಟ್ಟ ಹಿಡಿದಿದ್ದೀರ" ಎಂದು ಅಪ್ಪ ಅವರಿಗೂ ಪಾಠ ಹೇಳಿದ. ಅವರು ನಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಹೊಲಿಯಲು ಕೊಟ್ಟಿದ್ದ ಬಟ್ಟೆಗಳನ್ನು ವಾಪಸ್ ಪಡೆಯಲು ಒಬ್ಬೊಬ್ಬ ಅಧಿಕಾರಿಯ ಮನೆಯಿಂದಲೂ ಆಳುಗಳು ಬಂದರು. ಯಾರೂ ಕಾರಣ ಹೇಳಲಿಲ್ಲ, ಅಪ್ಪ ಕೇಳಲೂ ಇಲ್ಲ. ಸುಮ್ಮನೆ ಅರ್ಧ ಹೊಲಿದದ್ದನ್ನೆಲ್ಲ ಬಿಚ್ಚಿ, ದಾರದ ಚೂರು ಕಿತ್ತು, ಮಡಚಿ ಕೊಟ್ಟ.

ಸಂಜೆ ಗುಂಡಿ ಶಾಲೆಯಿಂದ ಬಂದಾಗ ಕೈಯಲ್ಲಿ ಹೊಸ ಪೆನ್ಸಿಲ್ ಇತ್ತು. ಹಸಿರು ಬಣ್ಣದ್ದು, ಸೇನೆಯ ಮುದ್ರೆಯಿದ್ದದ್ದು.

"ಯಾರು ಕೊಟ್ರು?"

"ಕ್ಯಾಪ್ಟನ್ ಮಾಮ. ತರಗತಿಗೇ ಬಂದಿದ್ರು. ಯಾವ ಬೆಂಚಲ್ಲಿ ಕೂರ್ತೀಯ, ಯಾವ ದಾರೀಲಿ ಮನೆಗೆ ಹೋಗ್ತೀಯ ಅಂತ ಕೇಳಿದ್ರು. ಒಳ್ಳೇವ್ರು ಅಮ್ಮ."

ಅಪ್ಪ ಆ ಪೆನ್ಸಿಲನ್ನು ಎರಡು ಬೆರಳಲ್ಲಿ ಹಿಡಿದು ಬಹಳ ಹೊತ್ತು ನೋಡಿದ. ಅವನಿಗೆ ಅವತ್ತು ಅರ್ಥವಾಯಿತು. ಪುಸ್ತಕವನ್ನು ಎಲ್ಲಾದರೂ ಬಚ್ಚಿಡೋಣ ಎಂದೆ. "ಇಷ್ಟು ವರ್ಷ ಖಾನೇಲಿ ಇತ್ತು, ಅಲ್ಲೇ ಇರ್ಲಿ. ಬಚ್ಚಿಟ್ರೆ ನಾವೇ ಕಳ್ಳರಾಗ್ತೀವಿ" ಎಂದ. ಅವನ ಕಿವಿಯ ಹಿಂದಿದ್ದ ಸೀಮೆಸುಣ್ಣ ಕೆಳಗೆ ಬಿದ್ದು ಮುರಿಯಿತು, ಬಗ್ಗಿ ಎತ್ತಿಕೊಳ್ಳಲಿಲ್ಲ.

ಗುರುವಾರ ಸಾಹೇಬರೇ ಬಂದರು. ಕ್ಯಾಪ್ಟನ್‌ನನ್ನು ಹೊರಗೆ ನಿಲ್ಲಿಸಿ ಬಾಗಿಲನ್ನು ತಾವೇ ಮುಚ್ಚಿದರು. ಯಾರೂ ಹೇಳದೆ ಹಲಗೆ ಹತ್ತಿ ಕೈ ಎತ್ತಿ ನಿಂತರು. ಅಪ್ಪನೂ ಟೇಪು ತೆಗೆದ. ಅಭ್ಯಾಸ ನೋಡಿ, ಇಬ್ಬರಿಗೂ ಬೇರೆ ಏನು ಮಾಡಬೇಕೆಂದು ತಿಳಿಯಲಿಲ್ಲ.

"ನಲವತ್ತೈದು" ಎಂದ ಅಪ್ಪ.

"ಪುಸ್ತಕ ಕೊಡಿ ಮೇಷ್ಟ್ರೇ, ಒಂದ್ಸಲ ನೋಡ್ತೀನಿ."

ಅಪ್ಪ ಕೊಟ್ಟ. ಅವರು ಮೊದಲಿನಿಂದ ಒಂದೊಂದೇ ಹಾಳೆ ತಿರುಗಿಸಿದರು. "ಮೂವತ್ತಾರು. ಒಣಕಲು ಕಡ್ಡಿ ಆಗಿದ್ದೆ." ಇನ್ನೊಂದು ಹಾಳೆಯಲ್ಲಿ ಬೆರಳು ನಿಂತಿತು. "ಆ ಮೂವರಲ್ಲಿ ಒಬ್ಬ ಈಗ್ಲೂ ವರ್ಷಕ್ಕೊಂದು ಕಾಗದ ಬರೀತಾನೆ. ಮಗನಿಗೆ ನನ್ನ ಹೆಸರಿಟ್ಟಿದ್ದಾನೆ." ಹಾಗೇ ಮುಂದೆ ಹೋಗಿ ಆ ಹಾಳೆಗೆ ಬಂದರು. ಹರಿಯುತ್ತಾರೆ ಎಂದುಕೊಂಡೆ. ಹರಿಯಲಿಲ್ಲ. "ನನ್ನ ಅಕ್ಷರಾನೇ" ಎಂದರು, ಯಾರದೋ ಅಕ್ಷರ ಗುರುತಿಸಿದ ಹಾಗೆ.

ಅಪ್ಪನ ದನಿ ಸಣ್ಣದಾಗಿತ್ತು. "ಸಾಹೇಬ್ರೇ, ಅವತ್ತು ಆದೇಶ ಕೇಳ್ತಿದ್ದೋರು ನಮ್ಮ ಅಳಿಯನ ತುಕಡಿಯವ್ರಾ?"

"ಹೌದು."

"ಅವ್ರು ಓಡ್ಲಿಲ್ಲ."

"ಇಲ್ಲ." ಅವರು ಹಲಗೆಯಿಂದ ಇಳಿದು ನನ್ನ ಪಕ್ಕದ ಸ್ಟೂಲಿನ ಮೇಲೆ ಕೂತರು. ಹತ್ತಿರದಿಂದ ನೋಡಿದರೆ ಮುಖ ದಣಿದಿತ್ತು. "ಹತ್ತು ನಿಮಿಷದಲ್ಲಿ ಏನಾಗುತ್ತೆ ಅನ್ಕೊಂಡೆ. ಕಚೇರಿಗೆ ಹೋಗೋ ಹೊತ್ತಿಗೆ ಆ ಕಡೆಯಿಂದ ದನಿ ನಿಂತುಹೋಗಿತ್ತು. ಆಮೇಲೆ ಯಾರಾದ್ರೂ ಓಡಿರಲೇಬೇಕಿತ್ತು ಮೇಷ್ಟ್ರೇ. ಇಲ್ಲಾಂದ್ರೆ ಕೇಳೋರಿಗೆ ಏನು ಹೇಳೋದು?"

ಅವರು ಬಾಯಿ ಬಿಟ್ಟು ಹೇಳಿದ್ದಕ್ಕೇ ನನಗೆ ಹೆಚ್ಚು ಭಯವಾಯಿತು. ನಾವು ಯಾರಿಗೂ ಹೇಳಲಾರೆವು ಎಂದು ಖಾತ್ರಿಯಿದ್ದವರು ಮಾತ್ರ ಹಾಗೆ ಹೇಳುತ್ತಾರೆ.

"ಈ ಪುಸ್ತಕ ಸೇನೆಯ ವಸ್ತುಸಂಗ್ರಹಾಲಯದಲ್ಲಿ ಇರ್ಬೇಕಾದ್ದು. ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಕ್ಯಾಪ್ಟನ್ ಬರ್ತಾನೆ, ಪ್ರೀತಿಯಿಂದ ಕೊಟ್ಟುಬಿಡಿ." ನನ್ನತ್ತ ತಿರುಗಿದರು. "ಗೋಡೆ ಪಟ್ಟಿಯಿಂದ ಒಂದು ಹೆಸರು ತೆಗೆಯೋದು ನನ್ನ ಕೈಯಲ್ಲಿದೆ ತಾಯಿ. ಒಂದೇ. ಎಲ್ಲಾ ತೆಗೆದ್ರೆ ಪಟ್ಟಿನೇ ಉಳಿಯಲ್ಲ. ನಿನ್ನ ಗಂಡ ಹೋರಾಡಿ ಸತ್ತ ಅಂತ ಆಗುತ್ತೆ. ಅದು ನಿಜಾನೂ ಹೌದಲ್ಲ." ಬಾಗಿಲ ಬಳಿ ನಿಂತು, "ಮಗು ಚೆನ್ನಾಗಿ ಓದ್ತಾಳಂತೆ" ಎಂದು ಹೊರಟುಹೋದರು. ಪುಸ್ತಕ ಮೇಜಿನ ಮೇಲೇ ಇತ್ತು.

ಅಪ್ಪ ಯಂತ್ರದ ಮುಂದೆ ಕೂತು ಕಾಲುಹಲಗೆಯ ಮೇಲೆ ಪಾದ ಇಟ್ಟುಕೊಂಡ, ತುಳಿಯಲಿಲ್ಲ. "ಮಗಾ, ಅಳಿಯ ನಿನ್ನ ಗಂಡ. ನೀನು ಹೇಳ್ದಂಗೆ" ಎಂದ. ಟೇಪು ಸುತ್ತಿಡುತ್ತ, "ಉಳಿದ ನಲವತ್ತು ಜನಕ್ಕೂ ನಾನೇ ಅಂಗಿ ಹೊಲಿದಿದ್ದೆ" ಎಂದ. ಅವನ ಮನಸ್ಸು ಯಾವ ಕಡೆ ಇತ್ತೆಂದು ನನಗೆ ಚೆನ್ನಾಗಿ ಗೊತ್ತಿತ್ತು. ನಾನು ಒಂದು ಮಾತು ಹೇಳಿದ್ದರೆ ಆ ಮುದುಕ ಪುಸ್ತಕ ಎದೆಗವಚಿಕೊಂಡು ವಕೀಲರ ಮನೆಗೆ ನಡೆದೇ ಹೋಗುತ್ತಿದ್ದ.

"ಕೊಟ್ಬಿಡು ಅಪ್ಪ" ಎಂದೆ.

ನನಗೆ ನನ್ನ ಮಗಳು ಬೇಕಾಗಿದ್ದಳು. ಗಂಡನ ಹೆಸರೂ ಬೇಕಾಗಿತ್ತು. ಎರಡೂ ಒಟ್ಟಿಗೆ ಸಿಗುತ್ತಿದ್ದವು. ಇದನ್ನು ಇನ್ನೂ ಚೆಂದ ಮಾಡಿ ಹೇಳಲು ನನಗೆ ಬರುವುದಿಲ್ಲ. ಶುಕ್ರವಾರ ಒಂಬತ್ತಕ್ಕೆ ಕ್ಯಾಪ್ಟನ್ ಬಂದು ಪುಸ್ತಕವನ್ನು ಬಿಳಿ ಬಟ್ಟೆಯಲ್ಲಿ ಸುತ್ತಿಕೊಂಡು ಹೋದ. ಅವನ ಹಿಂದೆಯೇ ಎದುರಿನ ಜೀಪೂ ಹೊರಟಿತು. ನಾನು ಬೇಕರಿಗೆ ಹೋಗಿ, "ಅಕ್ಕಾ, ಆ ಹಾಳೆ ಸಿಗ್ಲಿಲ್ಲ. ನಂಗೇ ತಾರೀಖು ತಪ್ಪು ನೆನಪಿತ್ತು ಅನ್ಸುತ್ತೆ" ಎಂದೆ. ಅವಳು ವಕೀಲರ ಬಳಿ ಹೋಗಲು ಒಳ್ಳೆಯ ಬಟ್ಟೆ ಉಟ್ಟು ಸಿದ್ಧಳಾಗಿ ಕೂತಿದ್ದಳು. ನನ್ನನ್ನೇ ಒಂದು ಕ್ಷಣ ದಿಟ್ಟಿಸಿದಳು. ಆಮೇಲೆ ಎದ್ದು ಗುಂಡಿಗೆಂದು ಒಂದು ಬನ್ನು ಕಟ್ಟಿಕೊಟ್ಟಳು.

ಸಾಹೇಬರು ಮಾತಿಗೆ ತಪ್ಪಲಿಲ್ಲ. ಮಾತಿಗಿಂತ ಹೆಚ್ಚೇ ಮಾಡಿದರು. ತಿಂಗಳು ತುಂಬುವುದರೊಳಗೆ ಗೋಡೆಯ ಮೇಲೆ ಹೊಸ ಪಟ್ಟಿ ಬಂತು, ಅದರಲ್ಲಿ ನಲವತ್ತು ಹೆಸರು. ನನ್ನ ಗಂಡನಿಗೆ ಮರಣೋತ್ತರ ಶೌರ್ಯ ಪದಕ, ಪೆರೇಡ್ ಮೈದಾನಕ್ಕೆ ಬರಬೇಕು ಎಂದು ಕಾಗದವೂ ಬಂತು. ಸಾಹೇಬರ ಜನರಲ್ ಕೋಟು ಅಪ್ಪನೇ ಮುಗಿಸಿ ಕೊಟ್ಟಿದ್ದ. ಹೊಸ ಪಟ್ಟಿ ಎಲ್ಲಕ್ಕಿಂತ ಮುಂದೆ, ಒಂದು ಎಳೆಯೂ ಆಚೀಚೆ ಇಲ್ಲದಂತೆ. ಅದನ್ನು ಹೊಲಿಯುವಾಗ ಅವನು ಆದೇಶ ಓದಲಿಲ್ಲ. ಹೊಲಿದು ಮುಗಿಸಿ ಮೇಲೆ ಹೋಗಿ ಮಲಗಿದವನು ಎರಡು ದಿನ ಎದ್ದಿರಲಿಲ್ಲ.

ಮೈದಾನದಲ್ಲಿ ಬೆಳಗಿನ ಬಿಸಿಲು. ಮುಂದಿನ ಸಾಲಿನಲ್ಲಿ ನಾನು, ಅಪ್ಪ, ಎಣ್ಣೆ ಹಚ್ಚಿ ಬಾಚಿದ ತಲೆಯ ಗುಂಡಿ. ಹಿಂದೆ ಹಗ್ಗದಾಚೆ ಊರಿನವರು. ಅಲ್ಲಿ ಬೇಕರಿ ಅಕ್ಕ ನಿಂತಿದ್ದನ್ನು ನೋಡಿ ಕಣ್ಣು ತಪ್ಪಿಸಿದೆ. ನನ್ನ ಗಂಡನ ಹೆಸರು ಕೂಗಿದರು. ನಾನು ವೇದಿಕೆ ಹತ್ತಿದೆ. ಸಾಹೇಬರು ಪದಕ ಹಿಡಿದು ನಿಂತಿರುವಾಗ ಒಬ್ಬ ಮೈಕಿನಲ್ಲಿ ಓದಿದ.

"ಹದಿನಾಲ್ಕನೇ ತಾರೀಖು, ತುಕಡಿಯ ಉಳಿದ ನಲವತ್ತು ಜನ ಸ್ಥಾನ ಬಿಟ್ಟು ಓಡಿಹೋದರೂ, ಬೆಳಗಿನಿಂದ ಸಂಜೆಯವರೆಗೆ ತಮ್ಮ ಸೇನಾಧಿಕಾರಿಯವರ ಪಕ್ಕದಲ್ಲೇ ನಿಂತು ಸೇತುವೆಯನ್ನು ಕಾಯ್ದು, ಅವರ ಕಣ್ಣೆದುರೇ ಪ್ರಾಣ ತೆತ್ತ..."

ಆಗ ನನಗೆ ತಿಳಿಯಿತು. ಪುಸ್ತಕ ತೆಗೆದುಕೊಂಡು ಹೋದದ್ದು ಅರ್ಧ ಕೆಲಸ. ಸಾಹೇಬರು ಸೇತುವೆಯಲ್ಲಿದ್ದರು ಎನ್ನಲು ಅವರ ಕಾವಲಿನವರಲ್ಲದೆ ತುಕಡಿಯವನೇ ಒಬ್ಬ ಸಾಕ್ಷಿ ಬೇಕಾಗಿತ್ತು, ಸತ್ತವನಾದರೆ ಇನ್ನೂ ಒಳ್ಳೆಯದು. ನನ್ನ ಗಂಡನನ್ನೇ ಕೊಟ್ಟಿದ್ದೆ. ಜೊತೆಗೆ ನಿಂತು ಸತ್ತ ಗೆಳೆಯರ ಮೇಲೆ ಗಂಡನಿಂದಲೇ ಸುಳ್ಳು ಹೇಳಿಸಿದ್ದೆ. ಸಾಹೇಬರು ಪದಕವನ್ನು ನನ್ನ ಎದೆಗೆ ಸಿಕ್ಕಿಸಿದರು. ಅವರ ಕೈ ನಡುಗಲಿಲ್ಲ.

ಕೆಳಗಿಳಿದು ಬಂದಾಗ ಬೇಕರಿ ಅಕ್ಕ ಹಗ್ಗ ದಾಟಿ ಬಂದು ನಿಂತಿದ್ದಳು. ಬೈಯುತ್ತಾಳೆ ಎಂದುಕೊಂಡೆ, ಬೈದಿದ್ದರೆ ಬದುಕುತ್ತಿದ್ದೆ. ಅವಳು ಮಡಚಿ ಮಡಚಿ ಸವೆದ ಒಂದು ಕಾಗದ ಹಿಡಿದಿದ್ದಳು.

"ನಮ್ಮೋರ ಕೊನೇ ಕಾಗದ ಇದು. ನಾವಿಬ್ರೂ ಒಂದೇ ಕಂಬಳಿ ಹೊದೀತೀವಿ, ಅವ್ನು ಒಂದು ಹೆಜ್ಜೆನೂ ನನ್ನ ಬಿಟ್ಟು ಹೋಗಲ್ಲ ಅಂತ ನಿನ್ನ ಗಂಡನ್ನ ಕುರಿತು ಬರ್ದಿದ್ದಾರೆ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ನಿನ್ನೋರು ಕೊನೇವರೆಗೂ ಅಲ್ಲೇ ಇದ್ರು ಅಂತಾರೆ. ಹಂಗಾದ್ರೆ ನಮ್ಮೋರು ಎಲ್ಲಿಗೆ ಹೋದ್ರು? ಬೇರೆ ಯಾರು ಹೇಳಿದ್ರೂ ನಂಬಲ್ಲ. ನೀನು ಹೇಳು, ನಂಬ್ತೀನಿ."

ಅಪ್ಪ ನನ್ನ ಮುಖ ನೋಡಿದ. ಹೇಳು ಎಂದು ಅವನ ಕಣ್ಣು ಬೇಡುತ್ತಿತ್ತು. ಅವಳ ಬೆನ್ನ ಹಿಂದೆ ಹತ್ತು ಹೆಜ್ಜೆ ದೂರದಲ್ಲಿ ಕ್ಯಾಪ್ಟನ್ ಕೈ ಕಟ್ಟಿಕೊಂಡು ನಮ್ಮನ್ನೇ ನೋಡುತ್ತಿದ್ದ.

ಉತ್ತರ ಕೊಟ್ಟವಳು ಗುಂಡಿ. ಎಷ್ಟೋ ದಿನಗಳ ಮೇಲೆ ತಲೆಯೆತ್ತಿ ನಿಂತಿದ್ದ ನನ್ನ ಮಗಳು ಅಕ್ಕನ ಸೆರಗು ಹಿಡಿದು, ಅವಳಿಗೆ ಕೇಳಿಸಿರಲಿಕ್ಕಿಲ್ಲ ಎಂಬ ಕನಿಕರದಿಂದ ಹೇಳಿದಳು.

"ಅವ್ರೆಲ್ಲ ಓಡಿಹೋದ್ರು ದೊಡ್ಡಮ್ಮ. ನಮ್ಮಪ್ಪ ಒಬ್ರೇ ಓಡ್ಲಿಲ್ಲ. ಈಗ ತಾನೇ ಮೈಕಲ್ಲಿ ಓದಿದ್ರಲ್ಲ."

ಅಕ್ಕ ನನ್ನ ಕಡೆಗೇ ನೋಡುತ್ತ ಕಾದಳು. ನಾನು ನನ್ನ ಮಗಳನ್ನು ತಿದ್ದಲಿಲ್ಲ.